ಅಳತೆ

ವಾರ್ಡಿನ ಕನ್ನಡಿಯನ್ನು ಯಾರೋ ಕಳಚಿಟ್ಟಿದ್ದಾರೆ.
ಮೊಳೆ ಹಾಗೇ ಇದೆ. ಅದರ ಕೆಳಗೆ
ಸುಣ್ಣ ಕಾಣದ ಒಂದು ಚೌಕ.
ಹೊಸಬರೆಲ್ಲ ಮೊದಲು ನೋಡುವುದು ಆ ಚೌಕವನ್ನೇ.
ನಾನೂ ನೋಡಿದ್ದೆ, ಹನ್ನೊಂದು ವರ್ಷದ ಹಿಂದೆ,
ಸೊಳ್ಳೆಪರದೆಯ ಒಳಗಿಂದ.

ಈಗ ಗುರುವಾರ ಗುರುವಾರ ಬರುತ್ತೇನೆ
ಹರಿಹರದಿಂದ ದಾವಣಗೆರೆಗೆ,
ಹೊಲಿಗೆ ಅಂಗಡಿಗೆ ಅರ್ಧ ದಿನ ಬೀಗ ಹಾಕಿ.
ಸಮಾಲೋಚಕಿ ಮೇಡಂ ರಿಜಿಸ್ಟರಿನಲ್ಲಿ
ನನ್ನ ಹೆಸರಿನ ಮುಂದೆ ಏನೋ ದೊಡ್ಡ ಪದ ಬರೆದಿದ್ದಾರೆ.
ನಾನು ಮಾಡುವುದು ಇಷ್ಟೇ:
ಸ್ಟೂಲು ಎಳೆದುಕೊಂಡು ಕೂರುವುದು,
ಸೆರಗನ್ನು ಕುತ್ತಿಗೆಯಿಂದ ಇಳಿಸುವುದು.

ಆರನೇ ಹಾಸಿಗೆ, ಜುಲೇಖಾ.
ಮಂಡಕ್ಕಿ ಭಟ್ಟಿಯಲ್ಲಿ ಹದಿನಾಲ್ಕು ವರ್ಷ;
ಬೆಳಗಿನ ಜಾವ ಮೂರಕ್ಕೆ ಕಾದ ಉಸುಕು,
ಒಲೆಯ ಬಾಯಿಗೆ ಹೊಟ್ಟು.
ಅವತ್ತು ಒಲೆ ಅವಳನ್ನೇ ಕೇಳಿತು.
ಇದಕ್ಕಿಂತ ಹೆಚ್ಚು ಅವಳು ಹೇಳಿಲ್ಲ, ನಾನು ಕೇಳಿಲ್ಲ.
ನನ್ನ ಕೇಸ್‌ಶೀಟಿನಲ್ಲೂ 'ಸ್ಟೋವ್ ಸಿಡಿದು' ಎಂದೇ ಇದೆ.
ಇರಲಿ.

ಪಕ್ಕದ ಹಾಸಿಗೆಯ ಹುಡುಗನಿಗೆ ಒಂದು ಸಂಜೆ
ಯಾರೋ ನರ್ಗಿಸ್ ಮಂಡಕ್ಕಿ ತಂದುಕೊಟ್ಟರು.
ಹಳದಿ ಪೊಟ್ಟಣ. ಕರಂ ಕರಂ.
ಜುಲೇಖಾ ಗೋಡೆಯ ಕಡೆ ತಿರುಗಿದಳು.
ತಿರುಗಲು ಹತ್ತು ನಿಮಿಷ ಬೇಕಾಯಿತು ಅವಳಿಗೆ.

ನೋಡಲು ಬಂದ ದೊಡ್ಡವರೊಬ್ಬರು ಹೇಳಿದರು:
"ಉಸುಕಲ್ಲಿ ಬೆಂದೇ ಅಲ್ಲವೇನಮ್ಮ ಅಕ್ಕಿ ಹೂವಾಗೋದು?"
ಮಾತು ಚೆನ್ನಾಗಿತ್ತು. ತಂದ ಕಿತ್ತಳೆಯೂ ಚೆನ್ನಾಗಿದ್ದವು.
ಅವರು ಹೋದ ಮೇಲೆ ಅವಳು
ಒಂದೊಂದೇ ಪದ ತುಟಿಯಿಂದ ಬಿಡಿಸಿ ಅಂದಳು:
"ನಾನು ಅಕ್ಕಿ ಅಲ್ಲಕ್ಕ."
ಅಲ್ಲ, ಅಂದೆ.
ಅದೇ ನಮ್ಮ ಮೊದಲ ಮಾತು.

ರಾತ್ರಿಯದು ಬೇರೆ ಲೆಕ್ಕ.
ನಿದ್ದೆಯಲ್ಲಿ ಉಸುಕು ಸುರಿಯುತ್ತದಂತೆ, ಸರ್ ಅಂತ;
ಅದಕ್ಕೆ ಫ್ಯಾನಿನ ಸದ್ದಾದರೂ ಸಾಕು.
ಮೇಡಂ ಕಲಿಸಿದರು: ಕಣ್ಣು ತೆರೆ,
ಕಾಣುವ ಐದು ವಸ್ತುಗಳ ಹೆಸರು ಹೇಳು.
ಸಲೈನ್ ಕಂಬ. ಬಕೆಟ್ಟು. ಕಿಟಕಿ.
ಸಿಸ್ಟರ್ ಚಪ್ಪಲಿ. ಮೊಳೆ.
ಐದನೆಯದು ಯಾವತ್ತೂ ಮೊಳೆಯೇ.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು
ಇಂದಿಗೂ ಕೊನೆಗೇ ತುಂಬುತ್ತದೆ.
ಹೇಳಬೇಕೋ ಬೇಡವೋ ಅಂತ ಎರಡು ವಾರ ನುಂಗಿ, ಹೇಳಿದೆ.
"ಆರಾಮಾಗಿ ಕಾಲು ಚಾಚಬೌದಲ್ಲ" ಅಂದಳು.
ನಗುವಾಗ ಕೆನ್ನೆ ಎಳೆಯುತ್ತದೆ ಎಂದು
ಇಬ್ಬರೂ ಅರ್ಧಕ್ಕೇ ನಿಲ್ಲಿಸಿದೆವು.

ಗಾಯ ಮಾಗಿತು. ಮೂರನೇ ತಿಂಗಳು ಟೇಪು ತಂದೆ.
ಇನ್ನು ಬಿಗಿಯಾದ ಅಂಗಿ ತೊಡಬೇಕು, ಹಗಲೂ ರಾತ್ರಿ,
ವರ್ಷವಿಡೀ, ಕಲೆ ಉಬ್ಬದಂತೆ.
ಅದನ್ನು ಹೊಲಿಯುವವಳು ನಾನು.
ಗ್ಲೌಸ್ ಹಾಕಲಿಲ್ಲ.
ಟೇಪಿನ ತುದಿ ಹೆಗಲಿಗೆ ತಾಗಿದಾಗ
ಉಸಿರು ಬಿಗಿಹಿಡಿದಳು; ನೋವಿಗಲ್ಲ.
ಎಷ್ಟು ದಿನವಾಗಿತ್ತೋ, ಬರಿಗೈ ಮುಟ್ಟಿ.
ತೋಳು ಒಂಬತ್ತೂವರೆ. ಮಣಿಕಟ್ಟು ಆರು.
ಕೊರಳಿಗೆ ಬಂದಾಗ ನನ್ನ ಬೆರಳೇ ನಿಂತಿತು.
"ಬರಕೋ ಅಕ್ಕ. ಅಳತಿ ತಪ್ಪಿದ್ರೆ
ಮತ್ತೆ ಬಿಚ್ಚಿ ಹೊಲೀಬೇಕಾಗ್ತೈತಿ."
ಹದಿಮೂರೂಕಾಲು.

"ಯಾವ ಬಣ್ಣ?" ಅಂಗಡಿಯ ಅಭ್ಯಾಸ, ಕೇಳಿಬಿಟ್ಟೆ.
ಈ ಬಟ್ಟೆ ಬರುವುದು ಒಂದೇ ಬಣ್ಣದಲ್ಲಿ,
ಚರ್ಮದ ಬಣ್ಣ ಅನ್ನುತ್ತಾರೆ,
ಯಾರ ಚರ್ಮವೂ ಹಾಗಿಲ್ಲ.
ಬಹಳ ಹೊತ್ತು ಯೋಚಿಸಿ "ಗಿಳಿಹಸಿರು" ಅಂದಳು.
ಒಳಮಗ್ಗುಲಿಗೆ, ಅಂಚಿನಲ್ಲಿ,
ಒಂದು ಸಾಲು ಗಿಳಿಹಸಿರು ದಾರ ಓಡಿಸಿದೆ.
ಅವಳಿಗೆ ಗೊತ್ತು, ನನಗೆ ಗೊತ್ತು.

ಕನ್ನಡಿ ಸ್ಟೋರ್‌ರೂಮಿನಲ್ಲಿದೆ,
ಬೀಗದಕೈ ಸಿಸ್ಟರ್ ಹತ್ತಿರ.
ಇನ್ನೂ ಕೇಳಿಲ್ಲ ಅವಳು.

ಬಾಗಿಲಿನಿಂದ ಹಾಸಿಗೆಗೆ ಹದಿನೇಳು ಕಲ್ಲು.
ಮಗಳು ಆಫ್ರೀನ್, ಆರು ವರ್ಷ,
ಮೊದಮೊದಲು ಹೊಸ್ತಿಲಲ್ಲೇ ಅಜ್ಜಿಯ ಬುರ್ಖಾ ಹಿಡಿದು ನಿಲ್ಲುತ್ತಿತ್ತು.
ಹೋದ ವಾರ ನಾಲ್ಕನೇ ಕಲ್ಲು.
ಇವತ್ತು ಆರನೆಯದು, ಒಂದು ಕಾಲು ಏಳರ ಮೇಲೆ.
ಜುಲೇಖಾ ಕರೆಯುವುದಿಲ್ಲ.
ಎಣಿಸುತ್ತಾಳೆ.